ಶಸ್ತ್ರವೈದ್ಯನ ಸಂಶೋಧನೆಯನ್ನು ಅಳೆಯುವುದು ಹೇಗೆ?

ಗದುಗಿನಿಂದ ಪೂರ್ವಕ್ಕೆ ಸುಮಾರು ೧೨ ಕಿಲೋಮೀಟರು ದೂರದಲ್ಲಿರುವ ಲಕ್ಕುಂಡಿಯನ್ನು ಇಂದು ಜನರು ಅದರ ದೇವಾಲಯಗಳಿಂದಲೂ ಮೆಟ್ಟಿಲ ಬಾವಿಗಳಿಂದಲೂ ಬಲ್ಲರು. ಚಾಲುಕ್ಯರ ಕಾಲದಲ್ಲಿ ಈ ಊರಿಗೆ ಲೊಕ್ಕಿಗುಂಡಿ ಎಂಬ ಹೆಸರಿದ್ದಿತು. ಇಲ್ಲಿ ಒಂದು ಟಂಕಸಾಲೆಯೂ ಇದ್ದಿತು. ಇಲ್ಲಿಯ ಚಿನ್ನದ ನಾಣ್ಯವು ‘ಲೊಕ್ಕಿ ಗದ್ಯಾಣ’ವೆಂಬ ಹೆಸರಿನಿಂದ ಶಾಸನಗಳಲ್ಲಿ ಕಾಣಿಸಿಕೊಳ್ಳುವುದು. ನಾಣ್ಯಕ್ಕೆ ಊರಿನ ಹೆಸರು ಅಂಟಿಕೊಳ್ಳಬೇಕಾದರೆ ಅದರ ತೂಕದಲ್ಲಿ ಜನರಿಗೆ ನಂಬಿಕೆಯಿರಬೇಕು. ಕೊಡುವವನ ತಕ್ಕಡಿಯೊಂದು, ಕೊಳ್ಳುವವನ ತಕ್ಕಡಿಯೊಂದು ಎಂದಾದರೆ ವ್ಯವಹಾರವೇ ನಡೆಯದು.

ಇದೇ ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ಅತ್ತಿಮಬ್ಬೆಯು ಪೊನ್ನ ಕವಿಯ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದು ಕನ್ನಡಿಗರಿಗೆಲ್ಲ ತಿಳಿದ ಸಂಗತಿ. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಒಂದು ಗ್ರಂಥವು ಉಳಿಯಬೇಕಾದರೆ ಅದನ್ನು ಮತ್ತೊಬ್ಬರು ಎತ್ತಿ ಬರೆದುಕೊಳ್ಳಬೇಕಾಗಿದ್ದಿತು.

ವಿಜ್ಞಾನದ ಸಂಶೋಧನೆಗೂ ಈ ಎರಡೂ ಬೇಕು. ಅದನ್ನು ಎಲ್ಲರೂ ಒಪ್ಪುವ ಅಳತೆಗೋಲಿನಿಂದ ಅಳೆದಿರಬೇಕು. ಇತರರು ಅದನ್ನು ಎತ್ತಿಕೊಂಡು ಬಳಸಬೇಕು. ಭೌತಶಾಸ್ತ್ರಜ್ಞನ ಸಂಶೋಧನೆಯನ್ನು ಗುರುತಿಸುವುದು ನಮಗೆ ಕಷ್ಟವಲ್ಲ. ಅವನು ಒಂದು ನಿಯಮವನ್ನೋ ಒಂದು ಕಣವನ್ನೋ ಕಂಡುಹಿಡಿಯುವನು. ಶಸ್ತ್ರವೈದ್ಯನ ಕೆಲಸವಾದರೋ ಕೈಗಳದ್ದು. ಅವನು ಗುಣಪಡಿಸಿದ ರೋಗಿ ಮನೆಗೆ ನಡೆದುಹೋಗುವನು. ಅಲ್ಲಿಗೆ ಕೆಲಸ ಮುಗಿಯಿತು. ಹಾಗಾದರೆ ಅವನ ಸಂಶೋಧನೆ ಎಂದರೇನು? ಅದರ ಪ್ರಭಾವವನ್ನು ಅಳೆಯುವುದು ಹೇಗೆ? ಶಸ್ತ್ರವೈದ್ಯದಲ್ಲಿಯೇ ಅತಿ ಕಠಿನವೆನಿಸಿದ ಎರಡು ಅಂಗಗಳ ಕ್ಯಾನ್ಸರನ್ನು ಉದಾಹರಣೆಯಾಗಿ ತೆಗೆದುಕೊಂಡು ಈ ಪ್ರಶ್ನೆಯನ್ನು ನಾವು ಇಲ್ಲಿ ಪರಿಶೀಲಿಸೋಣ. ಆ ಅಂಗಗಳೆಂದರೆ ಮೇದೋಜೀರಕ ಗ್ರಂಥಿ ಮತ್ತು ಯಕೃತ್ತು.

ಅಡಗಿ ಕುಳಿತ ಶತ್ರು

ಮೇದೋಜೀರಕ ಗ್ರಂಥಿಯು ಜಠರದ ಹಿಂಭಾಗದಲ್ಲಿ, ಬೆನ್ನುಮೂಳೆಗೆ ಅಡ್ಡಲಾಗಿ ಮಲಗಿರುವ, ಸುಮಾರು ೧೫ ಸೆಂಟಿಮೀಟರು ಉದ್ದದ ಮೃದುವಾದ ಅಂಗ. ಆಹಾರವನ್ನು ಜೀರ್ಣಿಸುವ ರಸವನ್ನು ಇದು ಕರುಳಿಗೆ ಸುರಿಸುವುದು. ಇನ್ಸುಲಿನನ್ನು ರಕ್ತಕ್ಕೆ ಬಿಡುವುದು. ಇದರ ತಲೆಯ ಭಾಗವನ್ನು ಸಣ್ಣ ಕರುಳಿನ ಮೊದಲ ತಿರುವು ಬಳಸಿಕೊಂಡಿದೆ. ಯಕೃತ್ತಿನಿಂದ ಇಳಿಯುವ ಪಿತ್ತನಾಳವು ಆ ತಲೆಯನ್ನೇ ಹಾದು ಕರುಳನ್ನು ಸೇರುವುದು. ಹಿಂಬದಿಯಲ್ಲಿ ಕರುಳಿಗೆ ರಕ್ತವನ್ನು ಒಯ್ಯುವ ಮತ್ತು ಅಲ್ಲಿಂದ ತರುವ ದೊಡ್ಡ ರಕ್ತನಾಳಗಳು ಹರಿಯುತ್ತವೆ. ಹೀಗೆ ಇದು ದೇಹದ ನಾಲ್ಕು ದಾರಿಗಳು ಕೂಡುವ ಚೌಕದಲ್ಲಿ ಕುಳಿತಿದೆ.

ಯಕೃತ್ತು ಇದಕ್ಕೆ ತೀರ ಭಿನ್ನವಾದುದು. ಅದು ಸುಮಾರು ಒಂದೂವರೆ ಕಿಲೋಗ್ರಾಮು ತೂಗುವ, ರಕ್ತದಿಂದ ತುಂಬಿದ ಅಂಗ. ಹೊರಗಿನಿಂದ ನೋಡಿದರೆ ಒಂದೇ ಮುದ್ದೆಯಂತೆ ಕಾಣುವುದು. ಎಲ್ಲಿ ಕತ್ತರಿಸಿದರೂ ನೆತ್ತರು ಹರಿಯುವುದು.

ಈ ಎರಡು ಅಂಗಗಳ ಕ್ಯಾನ್ಸರು ಎಷ್ಟು ಭಯಂಕರವೆಂಬುದನ್ನು ಎರಡು ಸಂಖ್ಯೆಗಳು ತೋರಿಸುತ್ತವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ ೨೦೨೨ರಲ್ಲಿ ಪ್ರಪಂಚದಲ್ಲಿ ಸುಮಾರು ೫ ಲಕ್ಷ ೧೦ ಸಾವಿರ ಜನರಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರು ಹೊಸದಾಗಿ ಕಾಣಿಸಿಕೊಂಡಿತು. ಅದೇ ವರ್ಷ ಅದರಿಂದ ಸತ್ತವರು ಸುಮಾರು ೪ ಲಕ್ಷ ೬೭ ಸಾವಿರ. ಯಕೃತ್ತಿನ ಕ್ಯಾನ್ಸರು ಸುಮಾರು ೮ ಲಕ್ಷ ೬೬ ಸಾವಿರ ಜನರಲ್ಲಿ ಕಾಣಿಸಿಕೊಂಡಿತು. ಸತ್ತವರು ಸುಮಾರು ೭ ಲಕ್ಷ ೫೮ ಸಾವಿರ. ರೋಗಕ್ಕೆ ಒಳಗಾಗುವವರ ಸಂಖ್ಯೆಯೂ ಸಾಯುವವರ ಸಂಖ್ಯೆಯೂ ಇಷ್ಟು ಹತ್ತಿರ ಹತ್ತಿರವಾಗಿರುವುದು ಬೇರೆ ಬಹುತೇಕ ಕ್ಯಾನ್ಸರುಗಳಲ್ಲಿ ಇಲ್ಲ.

ಮೇದೋಜೀರಕ ಗ್ರಂಥಿಯ ಗಂತಿಯು ಬಹುಕಾಲ ಯಾವ ಸುಳಿವನ್ನೂ ಕೊಡುವುದಿಲ್ಲ. ಅದು ಪತ್ತೆಯಾಗುವ ಹೊತ್ತಿಗೆ ಶಸ್ತ್ರಕ್ರಿಯೆಯಿಂದ ತೆಗೆದುಹಾಕಬಹುದಾದ ಸ್ಥಿತಿಯಲ್ಲಿರುವವರು ಐವರಲ್ಲಿ ಒಬ್ಬರು ಮಾತ್ರ. ಆ ಒಬ್ಬರಿಗಾಗಿ ನಡೆದ ನೂರಕ್ಕೂ ಹೆಚ್ಚು ವರ್ಷಗಳ ಪ್ರಯತ್ನವೇ ನಮ್ಮ ಕಥೆ.

ದಾರಿ ತೆರೆದವರು

೧೮೯೮ರಲ್ಲಿ ಇಟಲಿಯ ಕೊಡಿವಿಲ್ಲಾ ಎಂಬ ಶಸ್ತ್ರವೈದ್ಯನು ಗ್ರಂಥಿಯ ತಲೆಯನ್ನೂ ಅದಕ್ಕೆ ಅಂಟಿದ ಕರುಳನ್ನೂ ಕೂಡಿಯೇ ತೆಗೆದುಹಾಕುವ ಸಾಹಸ ಮಾಡಿದನು; ರೋಗಿ ಬಹುಕಾಲ ಉಳಿಯಲಿಲ್ಲ. ೧೯೦೯ರಲ್ಲಿ ಬರ್ಲಿನ್ನಿನ ವಾಲ್ಟರ್ ಕೌಷ್ ಎಂಬವನು ಅದನ್ನು ಎರಡು ಹಂತಗಳಲ್ಲಿ ಮಾಡಿ ಯಶಸ್ವಿಯಾಗಿ ೧೯೧೨ರಲ್ಲಿ ಪ್ರಕಟಿಸಿದನು. ಆದರೆ ಈ ಶಸ್ತ್ರಕ್ರಿಯೆಯು ವೈದ್ಯಲೋಕದ ಗಮನಕ್ಕೆ ಬಂದುದು ೧೯೩೫ರಲ್ಲಿ, ಅಮೆರಿಕದ ನ್ಯೂಯಾರ್ಕಿನ ಆಲನ್ ವಿಪಲ್ ಮತ್ತು ಅವನ ಜೊತೆಗಾರರು ಬರೆದ ಪ್ರಬಂಧದಿಂದ. ಅದರಲ್ಲಿದ್ದುದು ಕೇವಲ ಮೂವರು ರೋಗಿಗಳ ವೃತ್ತಾಂತ. ಅವರಲ್ಲಿ ಒಬ್ಬರು ಶಸ್ತ್ರಕ್ರಿಯೆಯಾದ ಸ್ವಲ್ಪ ಕಾಲದಲ್ಲಿಯೇ ತೀರಿಕೊಂಡಿದ್ದರು. ಆದರೂ ಇಂದಿಗೂ ಈ ಶಸ್ತ್ರಕ್ರಿಯೆಯನ್ನು ಪ್ರಪಂಚವೆಲ್ಲ ‘ವಿಪಲ್ ಶಸ್ತ್ರಕ್ರಿಯೆ’ ಎಂದೇ ಕರೆಯುವುದು.

ಅಂದಿನ ದೊಡ್ಡ ಅಡ್ಡಿಯೆಂದರೆ ರಕ್ತಸ್ರಾವ. ಪಿತ್ತನಾಳ ಮುಚ್ಚಿ ಕಾಮಾಲೆಯಾದ ರೋಗಿಯ ರಕ್ತವು ಬೇಗ ಹೆಪ್ಪುಗಟ್ಟುವುದಿಲ್ಲ. ಇದಕ್ಕೆ ಉತ್ತರ ಬಂದುದು ಶಸ್ತ್ರಶಾಲೆಯಿಂದಲ್ಲ, ಕೋಳಿಮರಿಗಳನ್ನು ಸಾಕಿದ ಪ್ರಯೋಗಶಾಲೆಯಿಂದ. ಡೆನ್ಮಾರ್ಕಿನ ಹೆನ್ರಿಕ್ ಡಾಮ್ ಎಂಬ ವಿಜ್ಞಾನಿಯು ಕೊಬ್ಬಿಲ್ಲದ ಆಹಾರ ತಿಂದ ಮರಿಗಳಲ್ಲಿ ರಕ್ತ ಸೋರುವುದನ್ನು ಕಂಡು ‘ಕೆ’ ಜೀವಸತ್ವವನ್ನು ಗುರುತಿಸಿದನು. ಕೊಬ್ಬಿನಲ್ಲಿ ಕರಗುವ ಈ ಸತ್ವವನ್ನು ಕರುಳು ಹೀರಿಕೊಳ್ಳಬೇಕಾದರೆ ಪಿತ್ತರಸ ಬೇಕು. ಕಾಮಾಲೆಯ ರೋಗಿಗೆ ಅದೇ ಇಲ್ಲ. ಸತ್ವವನ್ನು ಔಷಧವಾಗಿ ಕೊಟ್ಟಾಗ ರಕ್ತಸ್ರಾವದ ಭಯ ತಗ್ಗಿತು. ೧೯೪೦ರಿಂದ ಈಚೆಗೆ ವಿಪಲ್ ಶಸ್ತ್ರಕ್ರಿಯೆಯನ್ನು ಒಂದೇ ಹಂತದಲ್ಲಿ ಮಾಡುವುದು ಸಾಧ್ಯವಾದುದಕ್ಕೆ ಇದೂ ಒಂದು ಕಾರಣ. ಡಾಮ್‌ಗೆ ೧೯೪೩ರ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು. ಒಬ್ಬನ ಶೋಧನೆ ಎಲ್ಲಿಯೋ ಹುಟ್ಟಿ ಇನ್ನೊಬ್ಬನ ಕೈಯನ್ನು ಬಲಪಡಿಸುವ ಬಗೆ ಇದು.

ಯಕೃತ್ತಿನ ವಿಷಯದಲ್ಲಿ ಬೇಕಾಗಿದ್ದುದು ಒಂದು ನಕ್ಷೆ. ಪ್ಯಾರಿಸಿನ ಶಸ್ತ್ರವೈದ್ಯ ಮತ್ತು ಅಂಗರಚನಾಶಾಸ್ತ್ರಜ್ಞ ಕ್ಲೋದ್ ಕ್ವಿನೋ ಎಂಬವನು ಮೃತದೇಹಗಳ ಯಕೃತ್ತಿನ ನಾಳಗಳೊಳಗೆ ಗಟ್ಟಿಯಾಗುವ ದ್ರವವನ್ನು ತುಂಬಿ, ಸುತ್ತಲಿನ ಮಾಂಸವನ್ನು ಕರಗಿಸಿಬಿಟ್ಟನು. ಆಗ ಉಳಿದುದು ಎಲೆ ಉದುರಿದ ಮರದಂತಹ ನಾಳಗಳ ಅಚ್ಚು. ೧೯೫೭ರಲ್ಲಿ ಅವನು ಪ್ರಕಟಿಸಿದ ಗ್ರಂಥವು ಯಕೃತ್ತು ಒಂದು ಮುದ್ದೆಯಲ್ಲ, ತನ್ನ ತನ್ನ ರಕ್ತನಾಳ ಪಿತ್ತನಾಳಗಳುಳ್ಳ ಎಂಟು ಖಂಡಗಳ ಕೂಟವೆಂದು ತೋರಿಸಿತು. ಒಂದು ಖಂಡವನ್ನು ತೆಗೆದರೆ ನೆರೆಯ ಖಂಡಕ್ಕೆ ರಕ್ತ ತಪ್ಪುವುದಿಲ್ಲ. ಹೊಲದ ಒಡ್ಡುಗಳು ತಿಳಿದ ಒಕ್ಕಲಿಗನು ಒಂದು ಮಡಿಯ ನೀರನ್ನು ಕಟ್ಟಿ ಮತ್ತೊಂದಕ್ಕೆ ಬಿಡುವಂತೆ, ಶಸ್ತ್ರವೈದ್ಯನು ಬೇಕಾದ ಖಂಡದ ನಾಳಗಳನ್ನು ಮಾತ್ರ ಕಟ್ಟಿ ಕತ್ತರಿಸಬಲ್ಲವನಾದನು. ಆರೋಗ್ಯವಾದ ಯಕೃತ್ತಿನ ಮುಕ್ಕಾಲು ಭಾಗದ ವರೆಗೆ ತೆಗೆದರೂ ಉಳಿದ ಭಾಗವು ಬೆಳೆದು ಕೆಲಸವನ್ನು ನಿರ್ವಹಿಸಬಲ್ಲುದು. ಇಂದು ಕ್ಷ-ಕಿರಣದ ವರದಿ ಬರೆಯುವ ವೈದ್ಯನೂ ‘ಆರನೆಯ ಖಂಡದಲ್ಲಿ ಗಂತಿ’ ಎಂದು ಬರೆಯುವಾಗ ಕ್ವಿನೋವಿನ ನಕ್ಷೆಯನ್ನೇ ಬಳಸುತ್ತಾನೆ. ಆದರೆ ಅವನು ಕ್ವಿನೋವಿನ ಗ್ರಂಥವನ್ನು ಹೆಸರಿಸುವುದಿಲ್ಲ. ಪ್ರಭಾವವು ಪೂರ್ಣವಾದಾಗ ಹೆಸರು ಮರೆಯಾಗುವುದೂ ಉಂಟು.

ಕೈಯ ಕೌಶಲವೋ, ಊರಿನ ವ್ಯವಸ್ಥೆಯೋ?

ದಾರಿ ತೆರೆದರೂ ನಡೆದವರೆಲ್ಲ ಗುರಿ ಮುಟ್ಟಲಿಲ್ಲ. ವಿಪಲ್ ಶಸ್ತ್ರಕ್ರಿಯೆಗೆ ಒಳಗಾದ ನಾಲ್ಕೈದು ಜನರಲ್ಲಿ ಒಬ್ಬರು ಆಸ್ಪತ್ರೆಯಲ್ಲಿಯೇ ಸಾಯುವುದು ೧೯೬೦ರ ದಶಕದಲ್ಲಿ ಅಪರೂಪವಾಗಿರಲಿಲ್ಲ. ೧೯೭೦ರಲ್ಲಿ ಅಮೆರಿಕದ ಜಾರ್ಜ್ ಕ್ರೈಲ್ ಎಂಬ ಹೆಸರಾಂತ ಶಸ್ತ್ರವೈದ್ಯನು, ಗಂತಿಯನ್ನು ತೆಗೆಯುವ ಸಾಹಸಕ್ಕಿಂತ ಪಿತ್ತರಸಕ್ಕೆ ಬಳಸುದಾರಿಯೊಂದನ್ನು ಮಾಡಿಕೊಡುವುದೇ ಲೇಸೆಂದು ವಾದಿಸಿದನು. ಅಂದಿನ ಅಂಕಿಗಳನ್ನು ನೋಡಿದರೆ ಅವನ ಮಾತು ನ್ಯಾಯವಾದುದೇ ಆಗಿದ್ದಿತು.

ಆದರೆ ೧೯೯೩ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಜಾನ್ ಕ್ಯಾಮರಾನ್ ಮತ್ತು ಅವನ ಸಂಗಡಿಗರು, ಸಾಲಾಗಿ ೧೪೫ ವಿಪಲ್ ಶಸ್ತ್ರಕ್ರಿಯೆಗಳನ್ನು ಒಂದೂ ಸಾವಿಲ್ಲದೆ ಮಾಡಿದ ವರದಿಯನ್ನು ಪ್ರಕಟಿಸಿದರು. ಇದು ಹೇಗೆ ಸಾಧ್ಯವಾಯಿತು? ಕತ್ತಿಯೇನೂ ಬದಲಾಗಿರಲಿಲ್ಲ. ಒಂದೇ ಆಸ್ಪತ್ರೆಯಲ್ಲಿ ಒಂದೇ ತಂಡವು ಇದನ್ನೇ ಮತ್ತೆ ಮತ್ತೆ ಮಾಡುತ್ತಿದ್ದಿತು. ಅರಿವಳಿಕೆಯವರು, ದಾದಿಯರು, ಚಿತ್ರ ತೆಗೆಯುವವರು, ತೀವ್ರ ನಿಗಾ ಘಟಕದವರು ಎಲ್ಲರೂ ತೊಡಕಿನ ಮೊದಲ ಸುಳಿವನ್ನು ಗುರುತಿಸಬಲ್ಲವರಾಗಿದ್ದರು.

ಇದು ಒಬ್ಬ ನಿಪುಣನ ಅದೃಷ್ಟವೋ, ಸಾಮಾನ್ಯ ನಿಯಮವೋ? ಉತ್ತರವು ೨೦೦೨ರಲ್ಲಿ ಬಂದಿತು. ಜಾನ್ ಬರ್ಕ್‌ಮೇಯರ್ ಎಂಬ ಶಸ್ತ್ರವೈದ್ಯನು ತನ್ನ ಸಂಗಡಿಗರೊಡನೆ ಅಮೆರಿಕದ ವೃದ್ಧರ ವಿಮಾಯೋಜನೆಯ ದಾಖಲೆಗಳಿಂದ ಸುಮಾರು ೨೫ ಲಕ್ಷ ಶಸ್ತ್ರಕ್ರಿಯೆಗಳನ್ನು ಪರಿಶೀಲಿಸಿದನು. ಮೇದೋಜೀರಕ ಗ್ರಂಥಿಯ ಶಸ್ತ್ರಕ್ರಿಯೆಯನ್ನು ತೀರ ಅಪರೂಪವಾಗಿ ಮಾಡುವ ಆಸ್ಪತ್ರೆಗಳಲ್ಲಿ ಶೇಕಡಾ ೧೬.೩ ರೋಗಿಗಳು ಸತ್ತಿದ್ದರು. ಅತಿ ಹೆಚ್ಚಾಗಿ ಮಾಡುವ ಆಸ್ಪತ್ರೆಗಳಲ್ಲಿ ಶೇಕಡಾ ೩.೮ ಮಾತ್ರ. ಅಂದರೆ ನೂರು ಜನರಲ್ಲಿ ಹನ್ನೆರಡು ಜನರ ಅಳಿವು ಉಳಿವು ಅವರು ಯಾವ ಬಾಗಿಲನ್ನು ತಟ್ಟಿದರೆಂಬುದರ ಮೇಲೆ ನಿಂತಿದ್ದಿತು! ಈ ಪ್ರಬಂಧದಲ್ಲಿ ಹೊಸ ಹೊಲಿಗೆಯಿಲ್ಲ, ಹೊಸ ಔಷಧವಿಲ್ಲ. ಇರುವುದು ಲೆಕ್ಕ ಮಾತ್ರ. ಆದರೂ ಕಠಿನವಾದ ಶಸ್ತ್ರಕ್ರಿಯೆಗಳನ್ನು ಕೆಲವೇ ಕೇಂದ್ರಗಳಲ್ಲಿ ಒಗ್ಗೂಡಿಸಬೇಕೆಂಬ ಚಿಂತನೆಗೆ ಇದು ಅನೇಕ ದೇಶಗಳಲ್ಲಿ ಬಲ ನೀಡಿತು.

ಒಂದೇ ತಕ್ಕಡಿ

ಈಗ ಟಂಕಸಾಲೆಯ ಮಾತಿಗೆ ಬರೋಣ. ವಿಪಲ್ ಶಸ್ತ್ರಕ್ರಿಯೆಯಲ್ಲಿ ಗ್ರಂಥಿಯ ಉಳಿದ ತುಂಡನ್ನು ಕರುಳಿಗೆ ಹೊಲಿಯಬೇಕಾಗುವುದು. ಅದು ಬೆಣ್ಣೆಗೆ ಹೊಲಿಗೆ ಹಾಕಿದಂತೆ. ಹೊಲಿಗೆಯ ಸಂದಿನಿಂದ ಜೀರ್ಣರಸ ಸೋರಿದರೆ ಅದು ಸುತ್ತಲಿನ ಅಂಗಗಳನ್ನೇ ಜೀರ್ಣಿಸತೊಡಗುವುದು. ಈ ಸೋರಿಕೆಯೇ ಶಸ್ತ್ರವೈದ್ಯನ ಮುಖ್ಯ ಭಯ. ಒಬ್ಬನು ತನ್ನ ಕೈಯಲ್ಲಿ ಸೋರಿಕೆ ನೂರಕ್ಕೆ ಐದು ಎನ್ನುವನು. ಇನ್ನೊಬ್ಬನು ಇಪ್ಪತ್ತು ಎನ್ನುವನು. ಮೊದಲನೆಯವನೇ ನಿಪುಣನೆಂದು ನಾವು ತೀರ್ಮಾನಿಸಬಹುದೇ?

ಇಟಲಿಯ ವೆರೋನಾ ನಗರದ ಕ್ಲಾಡಿಯೊ ಬಸ್ಸಿ ಎಂಬ ಶಸ್ತ್ರವೈದ್ಯನೂ ಅವನ ತಂಡದವರೂ ೨೦೦೪ರಲ್ಲಿ ಒಂದು ಸರಳವಾದ ಪರೀಕ್ಷೆಯನ್ನು ಪ್ರಕಟಿಸಿದರು. ‘ಸೋರಿಕೆ’ ಎಂಬ ಪದಕ್ಕೆ ಬೇರೆ ಬೇರೆ ವೈದ್ಯರು ಕೊಟ್ಟಿದ್ದ ನಾಲ್ಕು ವ್ಯಾಖ್ಯೆಗಳನ್ನು ತೆಗೆದುಕೊಂಡು ತಮ್ಮ ಒಂದೇ ರೋಗಿಸಮೂಹಕ್ಕೆ ಅನ್ವಯಿಸಿ ನೋಡಿದರು. ಒಂದು ವ್ಯಾಖ್ಯೆಯಂತೆ ಸೋರಿಕೆ ಶೇಕಡಾ ಸುಮಾರು ೧೦; ಮತ್ತೊಂದರಂತೆ ಶೇಕಡಾ ಸುಮಾರು ೨೮! ರೋಗಿಗಳು ಅವರೇ, ಶಸ್ತ್ರವೈದ್ಯರು ಅವರೇ, ಹೊಲಿಗೆಯೂ ಅದೇ. ಬದಲಾದುದು ತಕ್ಕಡಿ ಮಾತ್ರ. ಅಂದ ಮೇಲೆ ಅದುವರೆಗೆ ‘ನನ್ನ ಹೊಲಿಗೆ ಮೇಲು, ನಿನ್ನದು ಕೀಳು’ ಎಂದು ನಡೆದ ವಾದಗಳಲ್ಲಿ ಎಷ್ಟು ಅರ್ಥವಿದ್ದೀತು?

ಆದುದರಿಂದ ಹಲವು ದೇಶಗಳ ಶಸ್ತ್ರವೈದ್ಯರು ಒಂದು ಅಂತರರಾಷ್ಟ್ರೀಯ ಅಧ್ಯಯನ ಮಂಡಲಿಯನ್ನು ಮಾಡಿಕೊಂಡು ೨೦೦೫ರಲ್ಲಿ ಒಂದೇ ವ್ಯಾಖ್ಯೆಗೆ ಒಪ್ಪಿದರು. ಶಸ್ತ್ರಕ್ರಿಯೆಯ ಮೂರನೆಯ ದಿನ ಅಥವಾ ಅನಂತರ ಹೊಟ್ಟೆಯಿಂದ ಹೊರಬರುವ ದ್ರವದಲ್ಲಿ ಅಮೈಲೇಸ್ ಎಂಬ ಕಿಣ್ವವು ರಕ್ತದಲ್ಲಿ ಇರಬಹುದಾದ ಸಹಜ ಮಿತಿಯ ಮೂರುಪಟ್ಟಿಗಿಂತ ಹೆಚ್ಚಾಗಿದ್ದರೆ ಅದು ಸೋರಿಕೆ. ಆಮೇಲೆ ೨೦೧೬ರಲ್ಲಿ, ರೋಗಿಗೆ ಯಾವ ತೊಂದರೆಯನ್ನೂ ಕೊಡದ ಸೋರಿಕೆಯನ್ನು ತೊಡಕೆಂದು ಎಣಿಸಬೇಕಾಗಿಲ್ಲವೆಂದು ಈ ವ್ಯಾಖ್ಯೆಯನ್ನು ತಿದ್ದಿದರು.

ಇನ್ನೂ ವ್ಯಾಪಕವಾದ ತಕ್ಕಡಿಯೊಂದನ್ನು ಕೊಟ್ಟವನು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಪಿಯೆರ್-ಅಲೇನ್ ಕ್ಲಾವಿಯೆನ್. ಇವನು ಯಕೃತ್ತು ಮತ್ತು ಮೇದೋಜೀರಕ ಗ್ರಂಥಿಗಳ ಶಸ್ತ್ರವೈದ್ಯ. ‘ತೊಡಕು’ ಎಷ್ಟು ದೊಡ್ಡದೆಂಬುದನ್ನು ವೈದ್ಯನ ಅಭಿಪ್ರಾಯದಿಂದ ಅಳೆಯಬಾರದು, ಅದನ್ನು ಸರಿಪಡಿಸಲು ಏನು ಮಾಡಬೇಕಾಯಿತೆಂಬುದರಿಂದ ಅಳೆಯಬೇಕೆಂಬುದು ಅವನ ವಿಚಾರ. ವಿಶೇಷ ಚಿಕಿತ್ಸೆ ಬೇಕಾಗದಿದ್ದರೆ ಒಂದನೆಯ ದರ್ಜೆ, ಔಷಧವೋ ರಕ್ತವೋ ಬೇಕಾದರೆ ಎರಡನೆಯದು, ಮತ್ತೆ ಶಸ್ತ್ರಕ್ರಿಯೆಯೋ ಅಂಥ ಇನ್ನೊಂದು ಕ್ರಮವೋ ಬೇಕಾದರೆ ಮೂರನೆಯದು, ಪ್ರಾಣಾಪಾಯವಾಗಿ ತೀವ್ರ ನಿಗಾ ಬೇಕಾದರೆ ನಾಲ್ಕನೆಯದು, ಸಾವು ಐದನೆಯದು. ೧೯೯೨ರಲ್ಲಿ ಇದರ ಮೊದಲ ರೂಪ ಬಂದಿತು. ೨೦೦೪ರಲ್ಲಿ ದಿಂದೋ ಮತ್ತು ದೆಮಾರ್ಟಿನ್ ಎಂಬವರೊಡನೆ ೬,೩೩೬ ರೋಗಿಗಳ ಮೇಲೆ ಪರೀಕ್ಷಿಸಿದ ಪರಿಷ್ಕೃತ ರೂಪವು ಪ್ರಕಟವಾಯಿತು. ಯಕೃತ್ತಿಗೆ ಮಾತ್ರವಲ್ಲ, ಮೂತ್ರಪಿಂಡ, ಗರ್ಭಕೋಶ ಮೊದಲಾದ ಅಂಗಗಳ ಶಸ್ತ್ರವೈದ್ಯರೂ ಇದನ್ನು ಎತ್ತಿಕೊಂಡರು. ಈ ಒಂದು ಪ್ರಬಂಧವನ್ನು ಬೇರೆ ಪ್ರಬಂಧಗಳು ಹತ್ತಾರು ಸಾವಿರ ಸಲ ಉಲ್ಲೇಖಿಸಿವೆ. ಒಬ್ಬ ಶಸ್ತ್ರವೈದ್ಯನ ಅತ್ಯಂತ ಹೆಸರಾದ ಬರಹವು ಯಾವ ಶಸ್ತ್ರಕ್ರಿಯೆಯನ್ನೂ ವರ್ಣಿಸದೆ, ತನ್ನ ವೃತ್ತಿಯ ಸೋಲುಗಳನ್ನು ಪ್ರಾಮಾಣಿಕವಾಗಿ ಎಣಿಸುವ ಬಗೆಯನ್ನು ಕಲಿಸುತ್ತದೆಂಬುದು ಮನನೀಯವಾದುದು.

ಚೀಟಿ ಎತ್ತಿ ತಿಳಿದ ಸತ್ಯ

ಗಂತಿಯನ್ನು ತೆಗೆದ ಮೇಲೂ ಅದು ಮರಳಿ ಬರುವುದು ಸಾಮಾನ್ಯ. ಅನಂತರ ಔಷಧ ಕೊಟ್ಟರೆ ಪ್ರಯೋಜನವುಂಟೇ? ಬ್ರಿಟನ್ನಿನ ಲಿವರ್‌ಪೂಲಿನ ಶಸ್ತ್ರವೈದ್ಯ ಜಾನ್ ನಿಯೋಪ್ಟೊಲೆಮಸ್ ಎಂಬವನ ಮುಂದಾಳುತನದಲ್ಲಿ ಯೂರೋಪಿನ ಹಲವು ಆಸ್ಪತ್ರೆಗಳು ಕೂಡಿ ಈ ಪ್ರಶ್ನೆಯನ್ನು ಎತ್ತಿಕೊಂಡವು. ಯಾರಿಗೆ ಔಷಧ, ಯಾರಿಗೆ ಇಲ್ಲ ಎಂಬುದನ್ನು ವೈದ್ಯನು ಆರಿಸಲಿಲ್ಲ. ಚೀಟಿ ಎತ್ತಿದಂತೆ ದೈವಕ್ಕೆ ಬಿಡಲಾಯಿತು. ಹಾಗೆ ಮಾಡದಿದ್ದರೆ ಗಟ್ಟಿಮುಟ್ಟಾದವರಿಗೇ ಔಷಧ ಕೊಟ್ಟು, ಅವರು ಬದುಕಿದುದು ಔಷಧದಿಂದಲೇ ಎಂದು ಭ್ರಮಿಸುವ ಅಪಾಯವುಂಟು.

೨೦೦೪ರಲ್ಲಿ ೨೮೯ ರೋಗಿಗಳ ಫಲಿತಾಂಶ ಹೊರಬಂದಿತು. ಔಷಧ ಪಡೆದವರಲ್ಲಿ ಶೇಕಡಾ ೨೧ ಜನ ಐದು ವರ್ಷ ಬದುಕುವರೆಂದೂ, ಪಡೆಯದವರಲ್ಲಿ ಶೇಕಡಾ ೮ ಜನ ಮಾತ್ರವೆಂದೂ ಲೆಕ್ಕ ತೋರಿಸಿತು. ಇನ್ನೊಂದು ಫಲಿತಾಂಶ ಅನೇಕರು ಎಣಿಸಿದಂತೆ ಇರಲಿಲ್ಲ. ಔಷಧದೊಡನೆ ವಿಕಿರಣವನ್ನೂ ಕೂಡಿಸಿದ ಚಿಕಿತ್ಸೆ ಪಡೆದವರಲ್ಲಿ ಐದು ವರ್ಷ ಬದುಕಿದವರು ಶೇಕಡಾ ೧೦. ಅದನ್ನು ಪಡೆಯದವರಲ್ಲಿ ೨೦. ಈ ಪ್ರಯೋಗದ ರಚನೆಯನ್ನು ಕೆಲವರು ಟೀಕಿಸಿದರು. ಚರ್ಚೆ ಬಹುಕಾಲ ನಡೆಯಿತು. ಔಷಧದ ಮಾತು ಮಾತ್ರ ಮುಂದಿನ ಪ್ರಯೋಗಗಳಲ್ಲಿ ಗಟ್ಟಿಯಾಯಿತು. ೨೦೧೮ರಲ್ಲಿ ಫ್ರಾನ್ಸ್ ಮತ್ತು ಕೆನಡಾ ದೇಶಗಳಲ್ಲಿ ೪೯೩ ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ಹಳೆಯ ಔಷಧ ಪಡೆದವರ ಮಧ್ಯಮ ಆಯುಸ್ಸು ೩೫ ತಿಂಗಳಿದ್ದರೆ, ಹಲವು ಔಷಧಗಳ ಹೊಸ ಕೂಟವನ್ನು ಪಡೆದವರದು ೫೪ ತಿಂಗಳನ್ನು ಮುಟ್ಟಿದ್ದಿತು.

ಉಲ್ಲೇಖಗಳ ಲೆಕ್ಕ

ವಿದ್ವಾಂಸನ ಪ್ರಭಾವವನ್ನು ಒಂದೇ ಅಂಕಿಯಿಂದ ಹೇಳುವ ಬಯಕೆ ವಿಶ್ವವಿದ್ಯಾಲಯಗಳಿಗೆ ಸಹಜವಾಗಿ ಉಂಟು. ೨೦೦೫ರಲ್ಲಿ ಹೋರ್ಹೆ ಹಿರ್ಷ್ ಎಂಬ ಭೌತಶಾಸ್ತ್ರಜ್ಞನು ‘ಎಚ್-ಅಂಕ’ವನ್ನು ಸೂಚಿಸಿದನು. ಅದನ್ನು ತಿಳಿಯುವುದು ಸುಲಭ. ಒಬ್ಬನ ಪ್ರಬಂಧಗಳನ್ನು ಉಲ್ಲೇಖಗಳ ಇಳಿಕ್ರಮದಲ್ಲಿ ಬರೆಯಿರಿ. ಅವು ೪೦, ೧೨, ೬, ೪, ೧ ಎಂದಿರಲಿ. ಕನಿಷ್ಠ ನಾಲ್ಕು ಸಲ ಉಲ್ಲೇಖವಾದ ಪ್ರಬಂಧಗಳು ನಾಲ್ಕು ಇವೆ; ಐದು ಸಲ ಉಲ್ಲೇಖವಾದವು ಐದು ಇಲ್ಲ. ಆದುದರಿಂದ ಅವನ ಎಚ್-ಅಂಕ ೪. ಈಗ ಇನ್ನೊಬ್ಬನ ಪ್ರಬಂಧಗಳ ಉಲ್ಲೇಖಗಳು ೨೦,೦೦೦, ೩, ೨, ೧ ಎಂದಿರಲಿ. ಅವನ ಎಚ್-ಅಂಕ ೨ ಮಾತ್ರ! ಮೊದಲನೆಯವನು ಎರಡನೆಯವನಿಗಿಂತ ಇಮ್ಮಡಿ ದೊಡ್ಡವನೆಂದು ಯಾರಾದರೂ ಹೇಳಿಯಾರೇ?

ಉಲ್ಲೇಖಗಳಿಗೆ ಇನ್ನೂ ಕೆಲವು ಮಿತಿಗಳಿವೆ. ತಪ್ಪನ್ನು ತೋರಿಸಲು ಹೆಸರಿಸಿದರೂ ಅದು ಒಂದು ಉಲ್ಲೇಖವೇ. ತನ್ನ ಬರಹವನ್ನು ತಾನೇ ಉಲ್ಲೇಖಿಸಿದರೂ ಎಣಿಕೆ ಏರುವುದು. ಹಳಬರ ಅಂಕ ಹೆಚ್ಚು, ಹೊಸಬರದು ಕಡಿಮೆ. ೨೦೧೨ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಕೂಡಿದ ಸಂಪಾದಕರು ಮತ್ತು ಪ್ರಕಾಶಕರು ಒಂದು ಘೋಷಣೆಗೆ ಕಾರಣರಾದರು. ಪತ್ರಿಕೆಯ ಅಂಕಿಯನ್ನು ನೋಡಿ ಸಂಶೋಧಕನನ್ನು ತೂಗಬಾರದು, ಅವನ ಕೆಲಸವನ್ನೇ ಓದಿ ತೂಗಬೇಕೆಂಬುದು ಅದರ ಸಾರ. ಅತ್ತಿಮಬ್ಬೆಯ ಸಾವಿರ ಪ್ರತಿಗಳು ಶಾಂತಿಪುರಾಣವನ್ನು ಹಲವರ ಕೈಗೆ ಮುಟ್ಟಿಸಿದವು. ಆದರೆ ಕಾವ್ಯದ ಯೋಗ್ಯತೆಯನ್ನು ತಿಳಿಯಲು ಪ್ರತಿಗಳನ್ನು ಎಣಿಸಿದರೆ ಸಾಲದು, ಓದಬೇಕು.

ಹಾಗಾದರೆ ಶಸ್ತ್ರವೈದ್ಯನ ಸಂಶೋಧನೆಗೆ ನಾವು ಕೇಳಬೇಕಾದ ಪ್ರಶ್ನೆಗಳು ಮೂರು. ಅದರಿಂದ ಇತರ ವೈದ್ಯರ ನಡವಳಿಕೆ ಬದಲಾಯಿತೇ? ಅವನಲ್ಲದೆ ಬೇರೆಯವರು ಬೇರೆ ಊರಿನಲ್ಲಿ ಮಾಡಿದಾಗಲೂ ಅದೇ ಫಲ ಬಂದಿತೇ? ಕೊನೆಗೆ, ರೋಗಿ ಹೆಚ್ಚು ಕಾಲ, ಕಡಿಮೆ ನೋವಿನಿಂದ ಬದುಕಿದನೇ?

ನಮ್ಮ ನಾಡಿನಲ್ಲಿ

ಈ ಕೆಲಸವೆಲ್ಲ ಹೊರದೇಶಗಳಲ್ಲಿಯೇ ನಡೆಯಿತೆಂದು ಓದುಗರು ಭಾವಿಸಬೇಕಾಗಿಲ್ಲ. ಉತ್ತರ ಕರ್ನಾಟಕದ ರೋಗಿಗಳಿಗೂ ಪರಿಚಿತವಾದ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ೧೯೪೧ರಲ್ಲಿ ಆರಂಭವಾಯಿತು. ಅಲ್ಲಿಯ ಮೇದೋಜೀರಕ ಗ್ರಂಥಿಯ ಶಸ್ತ್ರವೈದ್ಯ ಶೈಲೇಶ್ ಶ್ರೀಖಂಡೆಯವರು ಮೇಲೆ ಹೇಳಿದ ಅಂತರರಾಷ್ಟ್ರೀಯ ಮಂಡಲಿಯ ಒಂದು ಮುಖ್ಯ ಹೇಳಿಕೆಗೆ ೨೦೧೭ರಲ್ಲಿ ಪ್ರಥಮ ಲೇಖಕರಾದರು. ಗ್ರಂಥಿಯನ್ನು ಕರುಳಿಗೆ ಹೊಲಿಯಲು ಯಾವ ವಿಧಾನ ಶ್ರೇಷ್ಠ ಎಂಬುದೇ ಅದರ ಪ್ರಶ್ನೆ. ಪ್ರಕಟವಾದ ಪ್ರಯೋಗಗಳನ್ನೆಲ್ಲ ತೂಗಿ ನೋಡಿದ ಮೇಲೆ ಬಂದ ಉತ್ತರ ವಿನಯಪೂರ್ಣವಾದುದು: ಸೋರಿಕೆಯನ್ನು ಪೂರ್ತಿ ತಪ್ಪಿಸುವ ಒಂದೇ ಹೊಲಿಗೆಯಿಲ್ಲ, ಪ್ರತಿಯೊಬ್ಬ ಶಸ್ತ್ರವೈದ್ಯನೂ ತಾನು ಬಲ್ಲ ವಿಧಾನವನ್ನು ಕ್ರಮಬದ್ಧವಾಗಿ, ಒಂದೇ ಬಗೆಯಾಗಿ ಮಾಡುವುದು ಲೇಸು.

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯು ೧೯೭೩ರಲ್ಲಿ ಹುಟ್ಟಿತು. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ ಮೊದಲ ಊರುಗಳಾದ ಮುಂಬಯಿ ಮತ್ತು ಚೆನ್ನೈಗಳೊಡನೆ ಬೆಂಗಳೂರಿನಲ್ಲಿಯೂ ೧೯೮೨ರಿಂದ ರೋಗಿಗಳ ಲೆಕ್ಕವನ್ನು ಇಡಲಾಗುತ್ತಿದೆ. ಯಾವ ಕ್ಯಾನ್ಸರು ಎಲ್ಲಿ, ಯಾರಲ್ಲಿ ಹೆಚ್ಚುತ್ತಿದೆಯೆಂಬುದನ್ನು ಇಂಥ ಲೆಕ್ಕವಿಲ್ಲದೆ ಹೇಳಲು ಬಾರದು. ಗದುಗಿನಲ್ಲಿಯೂ ಈಗ ಸರಕಾರದ ವೈದ್ಯಕೀಯ ವಿದ್ಯಾಲಯವುಂಟು.

ಆದರೆ ಲಕ್ಕುಂಡಿ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದಂತಹ ಊರುಗಳಲ್ಲಿ ಈ ಸಂಶೋಧನೆಯ ಫಲ ರೋಗಿಗೆ ಮುಟ್ಟುವುದು ಒಂದು ಚಿಕ್ಕ ಸಂಗತಿಯನ್ನು ಅವಲಂಬಿಸಿದೆ. ಅದು ಕಾಮಾಲೆ; ಹಳ್ಳಿಯ ಮಾತಿನಲ್ಲಿ ಕಾಮಣಿ. ಕಣ್ಣು ಹಳದಿಯಾದೊಡನೆ ಸೊಪ್ಪಿನ ಔಷಧ ಕೊಡುವವರನ್ನು ಹುಡುಕುವುದು ನಮ್ಮಲ್ಲಿ ರೂಢಿ. ‘ಅವರ ಔಷಧದಿಂದ ನೂರಾರು ಜನ ಗುಣವಾಗಿದ್ದಾರೆ’ ಎಂಬ ಮಾತು ಸುಳ್ಳೇನೂ ಅಲ್ಲ. ಗುಣವಾದವರು ನಿಜವಾಗಿಯೂ ಇದ್ದಾರೆ. ಆದರೆ ಹರೆಯದವರಿಗೆ ಬರುವ ಕಾಮಾಲೆಯು ಬಹುಮಟ್ಟಿಗೆ ಕೆಟ್ಟ ನೀರು ಆಹಾರಗಳಿಂದ ಹರಡುವ ವೈರಸಿನದು. ಅವರಲ್ಲಿ ಹೆಚ್ಚಿನವರು ಏನೂ ಕೊಡದಿದ್ದರೂ ಕೆಲವು ವಾರಗಳಲ್ಲಿ ಗುಣವಾಗುವರು. ಔಷಧ ಪಡೆಯದವರ ಗುಂಪನ್ನು ಪಕ್ಕದಲ್ಲಿಟ್ಟು ನೋಡದೆ ಔಷಧಕ್ಕೆ ಕೀರ್ತಿ ಕೊಟ್ಟರೆ ಆಗುವ ಭ್ರಮೆ ಇದು. ನಿಯೋಪ್ಟೊಲೆಮಸ್ ಚೀಟಿ ಎತ್ತಿದಂತೆ ರೋಗಿಗಳನ್ನು ಹಂಚಿದುದು ಈ ಭ್ರಮೆಯನ್ನು ತಪ್ಪಿಸುವುದಕ್ಕಾಗಿಯೇ.

ಗ್ರಂಥಿಯ ತಲೆಯಲ್ಲಿ ಬೆಳೆದ ಗಂತಿಯು ಪಿತ್ತನಾಳವನ್ನು ಅದುಮಿದಾಗಲೂ ಕಾಮಾಲೆಯೇ ಬರುವುದು. ಈ ಕಾಮಾಲೆ ಸೊಪ್ಪಿಗೂ ಪಥ್ಯಕ್ಕೂ ಬಗ್ಗದು. ಇದರ ಗುರುತುಗಳನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ರೋಗಿ ಸಾಮಾನ್ಯವಾಗಿ ನಡುವಯಸ್ಸು ದಾಟಿದವನು. ಮೊದಮೊದಲು ನೋವಿಲ್ಲದೆಯೂ ಇರಬಹುದು. ಹಳದಿ ಬಣ್ಣವು ದಿನದಿನಕ್ಕೆ ಏರುವುದು. ಮೂತ್ರ ಗಾಢ ಹಳದಿ, ಮಲ ಬಿಳಿಚಾದ ಮಣ್ಣಿನ ಬಣ್ಣ. ಮೈಯೆಲ್ಲ ತುರಿಕೆ. ಹಸಿವಿಲ್ಲ, ತೂಕ ಇಳಿಯುವುದು. ಕೆಲವರಿಗೆ ಆ ಹಿಂದಿನ ಒಂದೆರಡು ವರ್ಷಗಳಲ್ಲಿ ಸಕ್ಕರೆಕಾಯಿಲೆ ಹೊಸದಾಗಿ ಬಂದಿರುವುದೂ ಉಂಟು. ಇವೆಲ್ಲ ಕ್ಯಾನ್ಸರೇ ಎಂದಲ್ಲ. ಪಿತ್ತನಾಳದ ಕಲ್ಲಿನಿಂದಲೂ ಹೀಗಾಗಬಹುದು. ಆದರೆ ಹೊಟ್ಟೆಯ ಶಬ್ದಾತೀತ ಅಲೆಯ ಚಿತ್ರ, ಅಂದರೆ ಸ್ಕ್ಯಾನಿಂಗ್, ನಾಳ ಮುಚ್ಚಿದೆಯೇ ಎಂಬುದನ್ನು ಹೇಳಬಲ್ಲುದು. ಆ ಪರೀಕ್ಷೆ ಮೊದಲ ವಾರದಲ್ಲಿಯೇ ಆಗಬೇಕು. ಪಥ್ಯ ಹಿಡಿದು ಮೂರು ತಿಂಗಳು ಕಾದ ಮೇಲಲ್ಲ. ಐವರಲ್ಲಿ ಒಬ್ಬನಿಗೆ ಮಾತ್ರ ತೆರೆದಿರುವ ಬಾಗಿಲು ಆ ಮೂರು ತಿಂಗಳಲ್ಲಿ ಮುಚ್ಚಿಹೋಗಬಹುದು.

ಯಕೃತ್ತಿನ ಕ್ಯಾನ್ಸರಿಗಾದರೋ ಇನ್ನೂ ಮೊದಲಿನ ಉಪಾಯವಿದೆ. ‘ಬಿ’ ಜಾತಿಯ ಯಕೃತ್ ವೈರಸು ಅದರ ದೊಡ್ಡ ಕಾರಣಗಳಲ್ಲಿ ಒಂದು. ಅದಕ್ಕೆ ಲಸಿಕೆಯುಂಟು, ೨೦೧೧ರಿಂದ ಭಾರತದ ಎಲ್ಲ ರಾಜ್ಯಗಳಲ್ಲಿ ಶಿಶುಗಳಿಗೆ ಅದನ್ನು ಉಚಿತವಾಗಿ ಕೊಡಲಾಗುತ್ತಿದೆ. ಮದ್ಯಪಾನವನ್ನು ಬಿಟ್ಟು, ಬೊಜ್ಜನ್ನು ತಡೆದು ಯಕೃತ್ತನ್ನು ಕಾಪಾಡಿಕೊಳ್ಳುವುದು ನಮ್ಮ ಕೈಯಲ್ಲಿಯೇ ಇದೆ.

ವಿಪಲ್‌ನು ತನ್ನ ಜೀವಮಾನದಲ್ಲಿ ತನ್ನ ಹೆಸರಿನ ಶಸ್ತ್ರಕ್ರಿಯೆಯನ್ನು ಮಾಡಿದುದು ೩೭ ಸಲ ಮಾತ್ರವೆಂದು ಹೇಳುತ್ತಾರೆ. ಇಂದು ದೊಡ್ಡದೊಂದು ಆಸ್ಪತ್ರೆಯಲ್ಲಿ ಅದಕ್ಕಿಂತ ಹೆಚ್ಚನ್ನು ಒಂದೇ ವರ್ಷದಲ್ಲಿ ಮಾಡುವರು. ಅವನ ಮೂವರು ರೋಗಿಗಳ ವೃತ್ತಾಂತ, ಕ್ವಿನೋವಿನ ಎಂಟು ಖಂಡಗಳು, ಬಸ್ಸಿಯ ನಾಲ್ಕು ವ್ಯಾಖ್ಯೆಗಳು, ಕ್ಲಾವಿಯೆನನ ಐದು ದರ್ಜೆಗಳು, ಇವೆಲ್ಲ ಕೂಡಿ ಇಂದಿನ ಶಸ್ತ್ರವೈದ್ಯನ ಕೈಯಲ್ಲಿ ಕೆಲಸ ಮಾಡುತ್ತಿವೆ. ಮುಂದೆ ವೈದ್ಯರಾಗಬೇಕೆಂದಿರುವ ನಮ್ಮ ತರುಣ ಓದುಗರು ಕತ್ತಿ ಹಿಡಿಯುವುದನ್ನು ಕಲಿಯುವಂತೆಯೇ, ಸತ್ತವರನ್ನೂ ಬದುಕಿದವರನ್ನೂ ಒಂದೇ ತಕ್ಕಡಿಯಲ್ಲಿಟ್ಟು ಮರೆಮಾಚದೆ ಬರೆದಿಡುವುದನ್ನೂ ಕಲಿಯಲಿ. ವೈದ್ಯರಾಗದವರು ಕೂಡ, ಮನೆಯ ಹಿರಿಯರ ಕಣ್ಣು ಹಳದಿಯಾದ ದಿನ ಅವರನ್ನು ಎತ್ತ ಕರೆದೊಯ್ಯಬೇಕೆಂಬುದನ್ನು ಬಲ್ಲವ­ರಾದರೆ ಈ ಎಲ್ಲ ಸಂಶೋಧನೆಯ ಫಲವನ್ನು ಒಂದು ಮನೆಗಾದರೂ ಮುಟ್ಟಿಸಿದಂತಾಗುವುದು.